ಭರಮಮ್ಮ ಖಾಲಿ ಬಿಟ್ಟ ಜಾಗ

ಕೂಡ್ಲಿಗಿ ಸೀಮೆಯ ಯಾವ ಊರಲ್ಲಿ ನಿಂತು ಭರಮಮ್ಮ ಎಲ್ಲಿದ್ದಾಳೆ ಎಂದು ಕೇಳಿದರೂ, ಯಾವ ಭರಮಮ್ಮ ಎಂದು ಜನ ತಿರುಗಿ ಕೇಳುತ್ತಾರೆ. ಅಲ್ಲಿ ಓಣಿಗೆ ಇಬ್ಬರು ಭರಮಮ್ಮಂದಿರು. ಸೂಜಿ ಭರಮಮ್ಮ ಎಂದರೆ ಮಾತ್ರ ಗೊಂದಲವಿಲ್ಲ. ಎಕ್ಸೆಲ್ ಗಾಡಿಯ ಹಿಂದೆ ಲಸಿಕೆಯ ಐಸ್ ಪೆಟ್ಟಿಗೆ ಬಿಗಿದುಕೊಂಡು, ಸೀರೆಯ ಮೇಲೆ ಗಂಡನ ಹಳೆಯ ತುಂಬುತೋಳಿನ ಅಂಗಿ ತೊಟ್ಟು, ಕುರಿ ಇದ್ದಲ್ಲಿಗೇ ಹೋಗಿ ಸೂಜಿ ಹಾಕಿ ಬರುವ ಮೂವತ್ತಾರರ ಹೆಂಗಸು. ಹಗರಿಬೊಮ್ಮನಹಳ್ಳಿಯಲ್ಲಿ ಕಚೇರಿ ಇಟ್ಟಿರುವ ಒಂದು ಖಾಸಗಿ ಕುರಿ ಆರೋಗ್ಯ ಕಂಪನಿಯಲ್ಲಿ ಅವಳದು ಒಂಬತ್ತು ವರ್ಷದ ನೌಕರಿ. ಕೊರಳಲ್ಲಿ ನೇತಾಡುವ ಗುರುತಿನ ಚೀಟಿಯಲ್ಲಿ ಹೆಸರಿನ ಕೆಳಗೆ 'ಕ್ಷೇತ್ರ ಸಹಾಯಕಿ' ಎಂದಿದೆ. ಈ ಒಂಬತ್ತು ವರ್ಷದಲ್ಲಿ ಚೀಟಿಯ ಫೋಟೋ ಮಾಸಿತು, ದಾರ ಮೂರು ಸಲ ಬದಲಾಯಿತು, ಆ ಎರಡು ಪದ ಮಾತ್ರ ಕದಲಲಿಲ್ಲ.

ಸಹಾಯಕಿ ಎಂದರೆ ಯಾರಿಗೆ ಸಹಾಯ? ಕ್ಷೇತ್ರ ಅಧಿಕಾರಿಗೆ. ಅಂಥ ಅಧಿಕಾರಿಗಳು ಮೂವರು ಬಂದು ಹೋದರು. ಮೂವರೂ ಡಿಗ್ರಿ ಮಾಡಿದವರು, ಮೂವರೂ ಮೊದಲ ದಿನ ಬಿಳಿ ಬೂಟು ಹಾಕಿಕೊಂಡು ಬಂದವರು. ಕುರಿಯನ್ನು ಎರಡು ಮೊಣಕಾಲ ನಡುವೆ ಹೇಗೆ ಹಿಡಿಯಬೇಕು, ಚರ್ಮ ಎತ್ತಿ ಸೂಜಿ ಎಲ್ಲಿ ಇಳಿಸಬೇಕು, ಟಗರು ತಲೆ ತಗ್ಗಿಸಿದರೆ ಯಾವ ಕಡೆ ಜಿಗಿಯಬೇಕು, ಎಲ್ಲವನ್ನೂ ಕಲಿಸಿದವಳು ಭರಮಮ್ಮ. ಕಲಿತವರು ಎರಡು ಮೂರು ವರ್ಷ ಇದ್ದು, ವರದಿಗಳಿಗೆಲ್ಲ ತಮ್ಮ ಹೆಸರು ಹಾಕಿಕೊಂಡು, ಬಡ್ತಿ ಪಡೆದು ದಾವಣಗೆರೆಗೋ ಹುಬ್ಬಳ್ಳಿಗೋ ಹೋದರು. ಹೋಗುವಾಗ ಪ್ರತಿಯೊಬ್ಬನೂ "ನಿಮ್ಮನ್ನ ಮರೆಯೋದಿಲ್ಲ ಅಕ್ಕಾ" ಎಂದ. ಈಗ ಫೋನ್ ಮಾಡಿದರೆ ಎತ್ತುತ್ತಾರೆ, ಅಷ್ಟು ಪುಣ್ಯ.

ಮೊದಲನೆಯವನ ಕಥೆಯನ್ನು ಗುಡೇಕೋಟೆಯ ಕುರಿಗಾರರು ಇವತ್ತಿಗೂ ಹೇಳಿಕೊಂಡು ನಗುತ್ತಾರೆ. ಬಂದ ದಿನವೇ ಹಿಂಡಿನ ಮುಂದೆ ನಿಂತು, ಪುಸ್ತಕ ಬಿಚ್ಚಿ, "ಯಜಮಾನ್ರೇ, ಒಟ್ಟು ಎಷ್ಟು ಕುರಿ ಇವೆ?" ಎಂದು ಕೇಳಿದ. ಕುರಿಗಾರ ಜಂಬಣ್ಣ ಅವನ ಮುಖವನ್ನೊಮ್ಮೆ ನೋಡಿದ, ಒಂದು ಶಿಳ್ಳೆ ಹಾಕಿದ, ಹಿಂಡು ಗುಡ್ಡದ ಆಚೆಗೆ ಇಳಿದುಹೋಯಿತು. ಕುರಿ ಎಷ್ಟು ಎಂಬುದನ್ನು ಬಾಯಿಬಿಟ್ಟು ಹೇಳಬಾರದು, ಹೇಳಿದರೆ ದೃಷ್ಟಿ ತಾಗಿ ಹಿಂಡು ಕರಗುತ್ತದೆ ಎಂಬುದು ಅವರ ನಂಬಿಕೆ. ಯಾರಾದರೂ ಕೇಳಿದರೆ "ಅದಾವ" ಎನ್ನಬೇಕು, ಮುಗಿಯಿತು. ಹತ್ತಿದ್ದರೂ ಅದಾವ, ಐನೂರಿದ್ದರೂ ಅದಾವ.

ಭರಮಮ್ಮ ಎಂದೂ ಕೇಳಿದವಳಲ್ಲ. ಅವಳೂ ಕುರಿಗಾರರ ಮಗಳು. ಜಂತಿನ ಔಷಧಿ ಕುಡಿಸುವಾಗ ಒಂದು ಕುರಿಗೆ ಇಷ್ಟು ಎಂಬ ಅಳತೆ ಇರುತ್ತದೆ. ಎಷ್ಟು ಬಾಟಲಿ ಖಾಲಿಯಾದವು ಎಂದು ನೋಡಿದರೆ ಹಿಂಡು ಎಷ್ಟೆಂದು ಯಾರ ಬಾಯಿಂದಲೂ ಹೊರಡದೆ ತಿಳಿಯುತ್ತದೆ. ಅವಳು ಖಾಲಿ ಬಾಟಲಿಗಳನ್ನು ಹಿಂಡಿಗೊಂದು ಚೀಲದಂತೆ ಕಟ್ಟಿ, ಕುರಿಗಾರನ ಹೆಸರಿನ ಚೀಟಿ ಅಂಟಿಸಿ, ಅಧಿಕಾರಿಯ ಮೇಜಿನ ಕೆಳಗೆ ಇಡುತ್ತಿದ್ದಳು. ಎಣಿಸುವ ಪಾಪ ಅವರಿಗೇ ಇರಲಿ ಎಂದು ಬಿಟ್ಟಿದ್ದಳು. ಅವರು ಸಂತೋಷದಿಂದ ಎಣಿಸಿದರು. ಎರಡನೆಯವನಿಗಂತೂ ಇದೇ ಉಪಾಯಕ್ಕೆ ಹುಬ್ಬಳ್ಳಿಯ ಮುಖ್ಯ ಕಚೇರಿಯಲ್ಲಿ ಸನ್ಮಾನವಾಯಿತು. ಶಾಲು ಹೊದ್ದು ನಿಂತ ಫೋಟೋವನ್ನು ಅವಳಿಗೂ ಕಳಿಸಿದ್ದ, ಧೈರ್ಯ ನೋಡಿ.

ಈ ವರ್ಷ ಮಾರ್ಚಿನಲ್ಲಿ ಮೂರನೆಯವನೂ ಹೋದ. ಕೂಡ್ಲಿಗಿ ತಾಲ್ಲೂಕಿನ ಅಧಿಕಾರಿಯ ಜಾಗ ಖಾಲಿಯಾಯಿತು. ಸುದ್ದಿ ತಿಳಿದ ಬೆಳಿಗ್ಗೆಯೇ ಭರಮಮ್ಮ ಗಂಡನಿಗೆ ಹೇಳಿದಳು, "ಈ ಸಲ ನಾ ಕೇಳಾಕಿ."

ಬೀರಲಿಂಗೇಶ್ ತನ್ನ ಗೂಡ್ಸ್ ಆಟೋದ ಗಾಜು ಒರೆಸುತ್ತಿದ್ದ. "ಕೇಳು. ಆದ್ರ ಆ ಅಂಗಿ ಬಿಚ್ಚಿಟ್ಟು ಹೋಗು. ಕುರಿ ವಾಸ್ನಿ ಹೊಡೀತೈತಿ" ಎಂದ.

"ಹೊಡೀಲಿ ಬಿಡು. ಒಂಬತ್ತು ವರ್ಷದ ವಾಸ್ನಿ ಐತಿ, ಅವರಿಗೂ ಒಂದೀಟು ಗೊತ್ತಾಗ್ಲಿ."

ಅಂಗಿ ತೊಟ್ಟುಕೊಂಡೇ ಹೋದಳು.

ಮ್ಯಾನೇಜರ್ ಯರ್ರಿಸ್ವಾಮಿ ಕೆಟ್ಟ ಮನುಷ್ಯರಲ್ಲ. ಅವರಿಗೆ ಇದ್ದದ್ದು ಒಂದೇ ರೋಗ, ಯಾರಿಗೂ 'ಇಲ್ಲ' ಎನ್ನಲು ಬಾಯಿ ಬರುತ್ತಿರಲಿಲ್ಲ. ಹಾಗಂತ 'ಹೂಂ' ಎನ್ನಲೂ ಬರುತ್ತಿರಲಿಲ್ಲ. ಕೆಳಗಿನವರಿಗೂ ಮೇಲಿನವರಿಗೂ 'ನೋಡೋಣ' ಎನ್ನುತ್ತ ಏಳು ವರ್ಷ ಆ ಕುರ್ಚಿಯಲ್ಲಿ ಕಳೆದಿದ್ದರು.

"ಕೂತ್ಕೊಳ್ರಿ ಭರಮಮ್ಮ. ಚಾ ಹೇಳ್ಲಾ?"

"ಚಾ ಬ್ಯಾಡ್ರಿ ಸರ್. ಕೂಡ್ಲಿಗಿ ಆಫೀಸರ್ ಕೆಲ್ಸ ನನಗ ಬೇಕು."

ಮಾತು ಇಷ್ಟು ನೆಟ್ಟಗೆ ಬಂದು ಮೇಜಿನ ಮೇಲೆ ಕೂರುತ್ತದೆಂದು ಯರ್ರಿಸ್ವಾಮಿ ಅಂದುಕೊಂಡಿರಲಿಲ್ಲ. ಸ್ವಲ್ಪ ಹೊತ್ತು ಬೇಕಲ್ಲ, ಚಾ ತರಿಸಿಯೇಬಿಟ್ಟರು. "ನೋಡ್ರಿ, ನೀವು ಈ ಆಫೀಸಿಗೆ ಬೆನ್ನೆಲುಬು ಇದ್ದಂಗೆ. ನಾನು ಎಲ್ಲರ ಮುಂದೆ ಹೇಳ್ತೀನಿ ಇದನ್ನ."

"ಇಲ್ಲಿ ಹೇಳ್ತೀರಿ. ಹುಬ್ಬಳ್ಯಾಗ ಹೇಳೀರೇನು?"

"ಅಲ್ಲಾ, ಅಧಿಕಾರಿ ಅಂದ್ಮೇಲೆ ತಿರುಗಾಟ ಜಾಸ್ತಿ. ನೀವು ಹೆಣ್ಮಕ್ಕಳು, ಮನೆ ಮಕ್ಕಳು ಅಂತ ಇರುತ್ತೆ..."

"ಈಗ ನಾ ಎಲ್ಲಿ ಕುಂತು ಕೆಲ್ಸ ಮಾಡಾಕತ್ತೀನಿ ಸರ್, ಒಲಿ ಮುಂದೇನು? ನಿನ್ನಿ ಮೈಲಾರದ ಹೊಳಿ ದಂಡ್ಯಾಗ ಇದ್ದೆ. ಮೊನ್ನಿ ಹಿರೇಹಡಗಲ್ಯಾಗ. ಬ್ಯಾಸಗ್ಯಾಗ ನಮ್ಮ ಕಡೆ ಕುರಿ ಎಲ್ಲೆಲ್ಲಿ ಮೇಯಾಕ ಹೋಗ್ತಾವೋ ಅಲ್ಲೆಲ್ಲ ನನ್ನ ಗಾಡಿ ಹೋಗತೈತಿ. ಆಫೀಸರ್ ಆದ್ರ ಇನ್ನ ಎಲ್ಲಿಗಿ ಹೋಗಬೇಕು, ಹೊಳಿ ಈಜಬೇಕೇನು?"

"ಡಿಗ್ರಿ ಕೇಳ್ತಾರಲ್ರಿ."

"ಎಂಟು ವರ್ಷ ಅನುಭವ ಇದ್ರ ಪಿಯುಸಿ ಸಾಕು ಅಂತ ನೀವ ಹೊರಗ ಗ್ವಾಡಿಗಿ ಅಂಟಿಸೀರಿ. ಓದಿಕೊಂಡ ಒಳಗ ಬಂದೀನಿ."

ಯರ್ರಿಸ್ವಾಮಿಗೆ ದಾರಿಗಳೆಲ್ಲ ಮುಚ್ಚಿದವು. ಆಗ ಅವರು ಎದ್ದು ಬೀರು ತೆಗೆದು ಒಂದು ಕಡತ ತಂದು ಅವಳ ಮುಂದೆ ಬಿಚ್ಚಿದರು. ಪ್ರತಿ ಮಾರ್ಚಿನಲ್ಲಿ ನೌಕರರೆಲ್ಲ ತಮ್ಮ ವರ್ಷದ ಕೆಲಸವನ್ನು ತಾವೇ ಬರೆದು ಕೊಡಬೇಕಾದ ಫಾರಂಗಳು. ಒಂಬತ್ತು ವರ್ಷಕ್ಕೆ ಒಂಬತ್ತು. ಮೇಲ್ಗಡೆ ಹೆಸರು, ಊರು, ಕೆಳಗಡೆ ಸಹಿ, ಎಲ್ಲ ದುಂಡಗೆ ಇದ್ದವು. ನಡುವೆ 'ಈ ವರ್ಷ ನಿಮ್ಮ ಸಾಧನೆ: ನೋಡಿಕೊಂಡ ಹಿಂಡುಗಳು ಎಷ್ಟು? ತರಬೇತಿ ನೀಡಿದವರು ಎಷ್ಟು?' ಎಂದು ಕೇಳಿದ್ದ ಜಾಗ ಒಂಬತ್ತರಲ್ಲೂ ಖಾಲಿ.

"ಇದು ನಾನು ಖಾಲಿ ಬಿಟ್ಟದ್ದಲ್ಲ, ನೀವು ಬಿಟ್ಟದ್ದು" ಎಂದರು ಯರ್ರಿಸ್ವಾಮಿ, ದನಿ ತಗ್ಗಿಸಿ. "ಹುಬ್ಬಳ್ಳಿಯವರು ನಿಮ್ಮನ್ನ ಕಣ್ಣಾರೆ ನೋಡಿಲ್ಲ. ಅವರು ನೋಡೋದು ಈ ಕಾಗದ. ಕಾಗದದ ಪ್ರಕಾರ ನೀವು ಒಂಬತ್ತು ವರ್ಷದಿಂದ ಏನೂ ಮಾಡಿಲ್ಲ. ನಾನೇನಂತ ಬರೆದು ಕಳಿಸ್ಲಿ?"

ಆ ಮಾತು ಭರಮಮ್ಮನಿಗೆ ನಾಟಿತು. ಸುಳ್ಳಾಗಿದ್ದರೆ ತಿರುಗಿ ಬಾರಿಸುತ್ತಿದ್ದಳು. ಆದರೆ ಅದು ನಿಜ. ಪ್ರತಿ ವರ್ಷ ಆ ಜಾಗಕ್ಕೆ ಬಂದಾಗ ಅವಳ ಪೆನ್ನು ನಿಲ್ಲುತ್ತಿತ್ತು. ತಾನು ಸಾಕಿದ್ದನ್ನು ತಾನೇ ಇಷ್ಟು ಎಂದು ಬರೆಯುವುದೇ? ಬರೆದರೆ ಉಳಿಯುತ್ತದೆಯೇ? ಎರಡು ನಿಮಿಷ ಪೆನ್ನು ಹಿಡಿದು ಕೂತು, ಬಿಟ್ಟು, ಕೆಳಗೆ ಸಹಿ ಮಾಡಿ ಕೊಡುತ್ತಿದ್ದಳು. ಗೊತ್ತಿರುವವರಿಗೆ ಗೊತ್ತಿರುತ್ತದೆ ಎಂದುಕೊಂಡಿದ್ದಳು. ಗೊತ್ತಿದ್ದವರು ಅವಳು ಬಿಟ್ಟದ್ದನ್ನೆಲ್ಲ ಬಾಚಿ ತಮ್ಮ ಫಾರಂಗೆ ತುಂಬಿಕೊಂಡಿದ್ದರು.

ಅವಳು ಫಾರಂಗಳನ್ನು ಒಂದೊಂದಾಗಿ ಮಗುಚುವುದನ್ನು ನೋಡಿ ಯರ್ರಿಸ್ವಾಮಿಗೆ ಗೆಲುವು ಬಂತು. "ಬೇಜಾರು ಮಾಡ್ಕೋಬ್ಯಾಡ್ರಿ. ಸೋಮವಾರ ಹೊಸಬ ಬರ್ತಾನೆ, ಮಾರೇಶ್ ಅಂತ. ಒಳ್ಳೆಯವನು. ಮೂರು ತಿಂಗಳು ಎಲ್ಲ ಕಲಿಸಿಕೊಡ್ರಿ. ಆಮೇಲೆ ನಿಮ್ಮ ವಿಷಯ ನೋಡೋಣ."

"ಕಲ್ಸಂಗಿಲ್ರಿ."

"ಏನಂದ್ರಿ?"

"ಕಲ್ಸಂಗಿಲ್ಲ ಅಂದೆ. ಮೂರು ಮಂದಿಗಿ ಕಲ್ಸೀನಿ. ನಾಲ್ಕನೇದವಗ ನೀವ ಕಲ್ಸ್ರಿ. ಟಗರು ಹಿಡ್ಯಾಕ ಬರತೈತೇನು ನಿಮಗ?"

ಚಾ ಕುಡಿಯದೆ ಎದ್ದು ಬಂದಳು. ಕೊಟ್ಟೂರು ದಾಟುವ ತನಕ ಮ್ಯಾನೇಜರ ಮೇಲೆ ಸಿಟ್ಟಿತ್ತು. ಕೂಡ್ಲಿಗಿ ಮುಟ್ಟುವ ಹೊತ್ತಿಗೆ ಆ ಸಿಟ್ಟು ಅಪ್ಪನ ಮೇಲೆ ತಿರುಗಿತು. ಗಾಡಿಯನ್ನು ಮನೆಗೆ ತಿರುಗಿಸದೆ ನೇರ ಗುಡೇಕೋಟೆಗೆ ಬಿಟ್ಟಳು.

ಅಪ್ಪ ಪಾಲಾಕ್ಷಪ್ಪ ಹೊತ್ತು ಮುಳುಗುವ ಮುಂಚೆ ಕುರಿಗಳನ್ನು ರೊಪ್ಪದೊಳಕ್ಕೆ ಬಿಡುತ್ತಿದ್ದ. ಮುಳ್ಳಿನ ಬೇಲಿಗೆ ಸಣ್ಣದೊಂದು ಬಾಯಿ. ಒಂದೊಂದೇ ಕುರಿ ನುಸುಳಬೇಕು. ಭರಮಮ್ಮ ಗಾಡಿ ನಿಲ್ಲಿಸಿದವಳೇ ಶುರು ಮಾಡಿದಳು. "ನಿನ್ನಿಂದ ನನ್ನ ಬಾಯಿ ಕಟ್ಟಿಹೋಗೇತಿ ಅಪ್ಪಾ. ಎಣಿಸಬ್ಯಾಡ, ಹೇಳಬ್ಯಾಡ ಅಂತ ಹುಟ್ಟಿದಾಗಿಂದ ತಲ್ಯಾಗ ತುಂಬೀದಿ. ಈಗ ನೋಡು, ನಾ ಮಾಡಿದ್ದೆಲ್ಲ ಕಂಡೋರ ಪಾಲಾತು!"

"ತಡಿಯವ್ವಾ, ಕುರಿ ಒಳಗ ಹೋಗಾಕತ್ತಾವ" ಎಂದ ಅವನು, ಕಣ್ಣು ಬೇಲಿಯ ಬಾಯಿಂದ ಕದಲಿಸದೆ. "ಕರೇಕಿವಿ ಬಂತು. ಬೋಳಿ ಬಂತು. ಕುಂಟಿ, ಕುಂಟಿ ಮಗಳು. ಮೊಂಡಬಾಲ. ಆ ಸಂತ್ಯಾಗಿಂದು..." ಹಿಂಡು ಮುಗಿಯಿತು. ಪಾಲಾಕ್ಷಪ್ಪ ಬೇಲಿ ಮುಚ್ಚಲಿಲ್ಲ. "ಚುಕ್ಕಿ ಎಲ್ಲಿ?" ಎಂದವನೇ ಕೋಲು ಹಿಡಿದು ಜಾಲಿಮರಗಳ ಕಡೆ ನಡೆದ. ಸ್ವಲ್ಪ ಹೊತ್ತಿಗೆ ಚುಕ್ಕಿಯನ್ನು ಮುಂದೆ ಬಿಟ್ಟುಕೊಂಡು, ಅದು ಆಗಷ್ಟೇ ಈದ ಮರಿಯನ್ನು ಎದೆಗವಚಿಕೊಂಡು ಬಂದ.

ಭರಮಮ್ಮ ಬೈಯುವುದನ್ನು ಮರೆತಿದ್ದಳು. "ಎಷ್ಟು ಅದಾವ ಅಂತ ನಿನಗ ಗೊತ್ತೈತೇನು ಅಪ್ಪಾ?"

"ಎಷ್ಟು ಅಂತ ಕಟ್ಗೊಂಡು ಏನು ಮಾಡ್ಲಿ? ಯಾರ‍್ಯಾರು ಅಂತ ಗೊತ್ತೈತಿ, ಸಾಕು. ತಗಾ, ಮರಿ ಹಿಡ್ಕಾ."

ಅವಳು ಮರಿ ಹಿಡಿದುಕೊಂಡಳು. ವಾಪಸ್ ಕೂಡ್ಲಿಗಿಗೆ ಬರುವಾಗ ಗಾಡಿ ನಿಧಾನ ಓಡಿಸಿದಳು. ದಾರಿಯುದ್ದಕ್ಕೂ ಅವಳ ತುಟಿ ಅಲ್ಲಾಡುತ್ತಲೇ ಇತ್ತು.

ಸೋಮವಾರ ಹನ್ನೊಂದಕ್ಕೆ ಅವಳು ಕಚೇರಿಗೆ ಹೋದಾಗ ಯರ್ರಿಸ್ವಾಮಿಯವರ ಎದುರು ಮಾರೇಶ್ ಕೂತಿದ್ದ. ಅವನದೂ ಬಿಳಿ ಬೂಟೇ. ಭರಮಮ್ಮ ಐಸ್ ಪೆಟ್ಟಿಗೆಯನ್ನು ನೆಲಕ್ಕಿಟ್ಟು, ಇನ್ನೊಂದು ಕುರ್ಚಿಯನ್ನು ತಾನೇ ಎಳೆದುಕೊಂಡು ಕೂತಳು.

"ಈ ವರ್ಷದ ನನ್ನ ಫಾರಂ ತೆಗೀರಿ ಸರ್."

"ತುಂಬ್ತೀರಾ? ಒಳ್ಳೇದಾಯ್ತು. ಹೇಳ್ರಿ, ಎಷ್ಟು ಹಿಂಡು?"

"ಎಷ್ಟು ಅಂತ ನಾ ಹೇಳಂಗಿಲ್ಲ. ಹೆಸ್ರು ಹೇಳ್ತೀನಿ. ಎಣಿಸೋದು ನಿಮ್ಮ ಕೆಲ್ಸ."

ಯರ್ರಿಸ್ವಾಮಿ ನಕ್ಕರು. ಅವಳು ನಗಲಿಲ್ಲ.

"ಬರ್ಕೊಳ್ರಿ. ಗುಡೇಕೋಟಿ ಜಂಬಣ್ಣ. ಹೋದ ಮಳಿಗಾಲದಾಗ ಕರುಳುಬ್ಯಾನಿ ಬಂದಾಗ ಸುತ್ತ ಹಿಂಡಿನಾಗೆಲ್ಲ ಸತ್ವು, ಇವನ ಹಿಂಡಿನಾಗ ಒಂದೂ ಸಾಯಲಿಲ್ಲ, ಯಾಕಂದ್ರ ಎಂಟು ದಿನ ಮೊದ್ಲ ನಾ ಸೂಜಿ ಹಾಕಿದ್ದೆ. ಗುಡೇಕೋಟಿ ಪಾಲಾಕ್ಷಪ್ಪ, ನಮ್ಮಪ್ಪ. ಅಪ್ಪ ಅಂತ ಬಿಡಬ್ಯಾಡ್ರಿ, ಅವನೂ ರೊಕ್ಕ ಕಟ್ಟಿ ಮೆಂಬರ್ ಆಗ್ಯಾನ. ಹುಡೇಂ ಬಸಲಿಂಗಮ್ಮ. ಗಂಡ ತೀರಿಕೊಂಡ ಮ್ಯಾಲ ಒಬ್ಬಾಕಿನ ಕಾಯ್ತಾಳ, ಗಂಡಸ್ರು ಹೋದ್ರ ಹಿಂಡು ಮುಟ್ಟಾಕ ಬಿಡಂಗಿಲ್ಲ. ನಿಮ್ಮ ಮೂರೂ ಆಫೀಸರು ಆಕಿ ಮಾರಿನ ನೋಡಿಲ್ಲ..."

ಯರ್ರಿಸ್ವಾಮಿ ಮೊದಮೊದಲು ತಮಾಷೆಗೆಂಬಂತೆ ಗೆರೆ ಎಳೆದರು. ನಾಲ್ಕು ಉದ್ದ ಗೆರೆ, ಐದನೆಯದು ಅಡ್ಡ. ಅವಳು ಊರಿಂದ ಊರಿಗೆ, ಹಟ್ಟಿಯಿಂದ ಹಟ್ಟಿಗೆ, ತಾನು ಗಾಡಿಯಲ್ಲಿ ಹೋಗುವ ದಾರಿಯಲ್ಲೇ ಬಾಯಲ್ಲಿ ಹೋದಳು. ಯಾರ ಹಿಂಡಿಗೆ ಕಾಲುಬಾಯಿ ಬಂದಿತ್ತು, ಯಾರ ಟಗರು ಅವಳ ಮೊಣಕಾಲಿಗೆ ಗುದ್ದಿ ಹದಿನೈದು ದಿನ ಕುಂಟಿಸಿತ್ತು, ಯಾರು ಮೊದಲ ವರ್ಷ ನಾಯಿ ಛೂ ಬಿಟ್ಟು ಎರಡನೆಯ ವರ್ಷ ರೊಟ್ಟಿ ಕೊಟ್ಟರು, ಎಲ್ಲ ಬಂತು. ಒಂದು ಹಾಳೆ ತುಂಬಿತು. ಫೋನ್ ಎರಡು ಸಲ ಬಡಿದುಕೊಂಡು ಸುಮ್ಮನಾಯಿತು. ಯರ್ರಿಸ್ವಾಮಿ ಬೆರಳು ನೆಟಿಗೆ ಮುರಿದುಕೊಳ್ಳುವುದನ್ನು ನೋಡಿ ಮಾರೇಶ್, "ಕೊಡಿ ಸರ್, ನಾನು ಎಳೀತೀನಿ" ಎಂದು ಪೆನ್ನು ಇಸಿದುಕೊಂಡ. ಅವನ ಮುಖದಲ್ಲಿ ತಮಾಷೆ ಇರಲಿಲ್ಲ.

"ಸಾಕ್ರಿ ಭರಮಮ್ಮ, ಗೊತ್ತಾಯ್ತು" ಎಂದರು ಯರ್ರಿಸ್ವಾಮಿ. "ಒಂದು ಅಂದಾಜು ಹಾಕಿ ಬರೀತೀನಿ."

"ಅಂದಾಜು ಬ್ಯಾಡ್ರಿ. ಒಬ್ಬರನ್ನ ಬಿಟ್ರೂ ನಾಳೆ ಅವ್ರ ಮಾರಿ ನಾ ನೋಡಬೇಕು. ಕೊಟ್ಟೂರು ಕಡೆಯವು ಇನ್ನ ಅರ್ಧ ಅದಾವ. ಹರಪನಹಳ್ಳಿ ಗಡಿ ಹಂಗ ಐತಿ. ಹೊಳಿಸಾಲು ಮುಟ್ಟೇ ಇಲ್ಲ."

ಹೊಳೆಸಾಲು ಮುಗಿಯುವ ಹೊತ್ತಿಗೆ ಊಟದ ಹೊತ್ತು ಮೀರಿತ್ತು. "ಇನ್ನ ಕಲ್ಸಿದವ್ರು. ಅದನ್ನೂ ಬರೀರಿ" ಎಂದು ಮೂವರು ಅಧಿಕಾರಿಗಳ ಹೆಸರನ್ನೂ ಹೇಳಿದಳು. ಈಗ ಯಾರು ಯಾವ ಊರಲ್ಲಿ ಯಾವ ಕುರ್ಚಿ ಮೇಲಿದ್ದಾರೆ ಎಂಬುದನ್ನು ಪುಕ್ಕಟೆಯಾಗಿ ಸೇರಿಸಿದಳು.

ಮಾರೇಶ್ ಗೆರೆಗಳನ್ನು ಕೂಡಿಸಿ ಕೊನೆಯ ಹಾಳೆಯ ಕೆಳಗೆ ಒಂದು ಸಂಖ್ಯೆ ಬರೆದ. ಆ ಸಂಖ್ಯೆ ಎಷ್ಟೆಂದು ಇಲ್ಲಿ ಹೇಳುವುದಿಲ್ಲ, ಭರಮಮ್ಮನಿಗೆ ಸರಿಬರುವುದಿಲ್ಲ. ಯರ್ರಿಸ್ವಾಮಿ ಅದನ್ನು ನೋಡಿದರು. ಎದ್ದು ಹೋಗಿ ಮೂರನೆಯ ಅಧಿಕಾರಿ ಕಳೆದ ತಿಂಗಳು ಕೊಟ್ಟುಹೋದ ವರ್ಷದ ವರದಿಯನ್ನು ತಂದು ಪಕ್ಕದಲ್ಲಿಟ್ಟರು. 'ನಾನು ಸ್ವತಃ ಭೇಟಿ ನೀಡಿದ ಹಿಂಡುಗಳು' ಎಂದು ಅಲ್ಲಿತ್ತು. ಎರಡೂ ಸಂಖ್ಯೆ ಒಂದೇ. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಆ ವರದಿಯ ಕೊನೆಗೆ ಪರಿಶೀಲಿಸಿದೆ ಎಂದು ಇದ್ದದ್ದು ಯರ್ರಿಸ್ವಾಮಿಯವರದೇ ಸಹಿ. ಅವರ ಕಿವಿ ಕೆಂಪಾಯಿತು.

"ಒಟ್ಟು ಎಷ್ಟಾಯ್ತು ಅಂತ ನಿಮಗೆ ಗೊತ್ತಾ?" ಎಂದು ಮೆಲ್ಲಗೆ ಕೇಳಿದರು.

"ಗೊತ್ತೈತ್ರಿ."

"ಹೇಳ್ರಿ ಮತ್ತೆ."

"ಹೇಳಂಗಿಲ್ಲ. ನೀವು ಬರೀರಿ, ನಾ ಇನ್ನೊಮ್ಮೆ ಸಹಿ ಮಾಡ್ತೀನಿ."

ಬರೆದರು. ಅವಳು ಸಹಿ ಮಾಡಿದಳು. "ಕಳಿಸ್ತೀನಿ. ಅವರು ಏನಂತಾರೋ ನೋ..." ಎಂದು ಯರ್ರಿಸ್ವಾಮಿ ಶುರು ಮಾಡಿದರು.

"ನೋಡೋಣ ಅನ್ನಬ್ಯಾಡ್ರಿ ಸರ್, ಕೈ ಮುಗೀತೀನಿ. ಇವತ್ತ ಕಳಿಸ್ರಿ. ಇಲ್ಲ ಅಂತ ಬಂದ್ರ ಈ ಪೆಟಗಿ, ಈ ಚೀಟಿ ನಿಮ್ಮ ಟೇಬಲ್ ಮ್ಯಾಲ ಇಟ್ಟು ಹೋಗ್ತೀನಿ. ಹೆಸ್ರು ಮಾತ್ರ ನನ್ನ ಜೋಡಿನ ಬರ್ತಾವ."

ಹೊರಗೆ ಬಂದು ಗಾಡಿಯ ಮೇಲೆ ಕೂತಳು. ಅವಳಿಗೆ ಹೆದರಿಕೆಯಾಗಿತ್ತು. ಈ ಕೆಲಸ ಹೋದರೆ ಇನ್ನೊಂದು ಸಿಗುವುದು ಸುಲಭವಲ್ಲ, ಸೂಜಿ ಬಿಟ್ಟು ಅವಳಿಗೆ ಬೇರೆ ಬದುಕು ಬೇಕಾಗಿಯೂ ಇರಲಿಲ್ಲ. ಆದರೂ ಹೇಳಿದ್ದರಲ್ಲಿ ಒಂದು ಮಾತನ್ನೂ ವಾಪಸ್ ತೆಗೆದುಕೊಳ್ಳಬೇಕು ಎನಿಸಲಿಲ್ಲ. ಹತ್ತಿರದ ಹೋಟೆಲಿನಲ್ಲಿ ಎರಡು ಪ್ಲೇಟ್ ಮಿರ್ಚಿ ಮಂಡಕ್ಕಿ ತಿಂದು ಹೋದಳು.

ಹದಿನಾರು ದಿನಕ್ಕೆ ಹುಬ್ಬಳ್ಳಿಯಿಂದ ಕಾಗದ ಬಂತು. ಕೂಡ್ಲಿಗಿ ತಾಲ್ಲೂಕಿನ ಕ್ಷೇತ್ರ ಅಧಿಕಾರಿಯಾಗಿ ಭರಮಮ್ಮ; ಆರು ತಿಂಗಳ ಮಟ್ಟಿಗೆ, ಪರೀಕ್ಷೆಗಾಗಿ, ಈಗಿನ ಸಹಾಯಕಿಯ ದರ್ಜೆಯಲ್ಲೇ. ಯರ್ರಿಸ್ವಾಮಿ ಪೇಢಾ ತರಿಸಿದ್ದರು. ಭರಮಮ್ಮ ಕಾಗದ ಓದಿದಳು, ಎರಡನೆಯ ಸಲ ಓದಿದಳು, ಮಡಚಿ ಅವರ ಕಡೆಗೆ ತಳ್ಳಿದಳು.

"ಆರು ತಿಂಗಳು ಏನು ನೋಡ್ತಾರಂತ ಸರ್? ಒಂಬತ್ತು ವರ್ಷ ಕಣ್ಣು ಮುಚ್ಚಿದ್ರೇನು?"

"ಅದು ನಿಯಮ ಭರಮಮ್ಮ..."

"ಮೂರೂ ಮಂದಿ ಬಂದಾಗ ಈ ನಿಯಮ ಇರಲಿಲ್ಲ. ಕುರಿ ಯಾವ ಕಡೆಯಿಂದ ಈಯತೈತಿ ಅಂತ ಗೊತ್ತಿಲ್ಲದವ್ರು ಮೊದಲ ದಿನನ ಆಫೀಸರು. ನನಗ ಪರೀಕ್ಷೆ!" ಕೊರಳ ಚೀಟಿಯನ್ನು ತೆಗೆದು ಕಾಗದದ ಮೇಲಿಟ್ಟಳು. ಐಸ್ ಪೆಟ್ಟಿಗೆಯನ್ನು ಎತ್ತಿ ಪೇಢಾದ ಪಕ್ಕ ಇಟ್ಟಳು.

ಯರ್ರಿಸ್ವಾಮಿ ಆ ಪೆಟ್ಟಿಗೆಯನ್ನು ನೋಡಿದರು. ಗೆರೆ ಎಳೆದ ಹಾಳೆಗಳು ಇನ್ನೂ ಅವರ ಮೇಜಿನ ಗಾಜಿನ ಕೆಳಗೇ ಇದ್ದವು. ಅವುಗಳನ್ನೂ ನೋಡಿದರು. ಆಮೇಲೆ ಫೋನ್ ಎತ್ತಿ ಹುಬ್ಬಳ್ಳಿಗೆ ಹಚ್ಚಿದರು. ಆ ಕಡೆಯವರು ಏನೋ ಉದ್ದಕ್ಕೆ ಹೇಳಿದರು. ಎಲ್ಲ ಕೇಳಿದ ಮೇಲೆ ಯರ್ರಿಸ್ವಾಮಿಯ ಬಾಯಿಂದ ಏಳು ವರ್ಷದಲ್ಲಿ ಹೊರಡದ ಮಾತು ಹೊರಟಿತು.

"ಇಲ್ಲ ಸರ್. ಇಲ್ಲ, ಇದು ಆಗೋದಿಲ್ಲ. ಬೇರೆ ಕಾಗದ ಕಳಿಸಿ."

ಹೇಳಿಬಿಟ್ಟ ಮೇಲೆ ಅವರೇ ಬೆವರಿದರು. ಭರಮಮ್ಮ ಪೇಢಾ ತೆಗೆದುಕೊಂಡದ್ದು ಆಗ. ಬೇರೆ ಕಾಗದ ವಾರದೊಳಗೆ ಬಂತು. ಆರು ತಿಂಗಳೂ ಇರಲಿಲ್ಲ, ಪರೀಕ್ಷೆಯೂ ಇರಲಿಲ್ಲ, ದರ್ಜೆಯೂ ಅಧಿಕಾರಿಯದೇ. ಮಾರೇಶನಿಗೆ ಹಡಗಲಿ ತಾಲ್ಲೂಕು ಕೊಟ್ಟರು. ಅದಕ್ಕೆ ಮುಂಚೆ ಮೂರು ತಿಂಗಳು 'ಕ್ಷೇತ್ರ ಅಧಿಕಾರಿ ಭರಮಮ್ಮ ಅವರಲ್ಲಿ ತರಬೇತಿ' ಎಂದು ಅವನ ಆದೇಶದಲ್ಲೇ ಅಚ್ಚಾಗಿತ್ತು. ಹಾಗೆ ಅಚ್ಚಾಗದಿದ್ದರೆ ಕಲಿಸುವುದಿಲ್ಲ ಎಂದು ಅವಳೇ ಹೇಳಿದ್ದಳು.

ಮೊದಲ ದಿನ ಅವನನ್ನು ಗುಡೇಕೋಟೆಯ ಗುಡ್ಡಕ್ಕೆ, ಜಂಬಣ್ಣನ ಹಿಂಡಿಗೆ ಕರೆದುಕೊಂಡು ಹೋದಳು. ಬಿಳಿ ಬೂಟು ಗಾಡಿಯ ಹತ್ತಿರವೇ ಬಿಚ್ಚಿಸಿದಳು. ಮಾರೇಶ್ ಒಂದು ಕುರಿಯನ್ನು ಮೊಣಕಾಲ ನಡುವೆ ಸಿಕ್ಕಿಸಿಕೊಂಡು ತಾನೇ ಬೀಳುವಂತಾಗಿದ್ದಾಗ ಅವಳ ಫೋನ್ ಬಡಿಯಿತು. ಹುಬ್ಬಳ್ಳಿಯ ದೊಡ್ಡ ಸಾಹೇಬರು. ಹೊಸ ಅಧಿಕಾರಿಗೆ ಶುಭಾಶಯ ಹೇಳಿ, ಇಂಪಾಗಿ ಕೇಳಿದರು, "ಈಗ ನಿಮ್ಮ ಕೈಕೆಳಗೆ ಒಟ್ಟು ಎಷ್ಟು ಹಿಂಡು ಇವೆ ಮೇಡಂ?"

ಜಂಬಣ್ಣ ಕೋಲಿನ ಮೇಲೆ ಗದ್ದ ಊರಿ ಅವಳನ್ನೇ ನೋಡುತ್ತಿದ್ದ.

"ಅದಾವ್ರಿ ಸರ್" ಎಂದಳು ಭರಮಮ್ಮ. "ಎಣಿಸಬೇಕಂದ್ರ ಪೆನ್ನು ತಗೊಂಡು ಬರ್ರಿ. ಹೆಸ್ರು ನಾ ಹೇಳ್ತೀನಿ."

ಫೋನನ್ನು ಅಂಗಿಯ ಜೇಬಿಗೆ ಇಳಿಸಿ, ಮಾರೇಶನ ಕೈಯಿಂದ ಜಾರುತ್ತಿದ್ದ ಕುರಿಯ ಹಿಂಗಾಲು ಹಿಡಿದಳು.